ಅಪರಿಚಿತೆಯ ಪಾತ್ರ

ಸೋಲೊ,
ಭಾನುವಾರ, ೧೫ ಏಪ್ರಿಲ್ ೨೦೧೮

ಮಗಳು ಪಾಲುಪಿಗೆ,

ಗಂಟೆ ಬಾರಿಸಿದೆ, ದೀಪ ಏರಿದೆ, ನಿನ್ನ ತಾಯಿ ರಂಗಕ್ಕೆ ಬಂದಿದ್ದಾಳೆ. ಮೊದಲ ಮಾತಿಗೇ ಎದ್ದು ಹೋಗಬೇಡ. ಕೊನೆಯ ಅಂಕದವರೆಗೆ ಕೂತಿರು, ಆಮೇಲೆ ಬೇಕಾದರೆ ಬೈ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನನ್ನ ಹೆಸರು ಮೂಡಿದರೆ ನಿನ್ನ ಫೋನು ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಗುತ್ತದೆ. ಕಾಗದ ಹಾಗಲ್ಲ. ಬೈದುಕೊಂಡಾದರೂ ಒಡೆಯುತ್ತೀಯ.

ಮೊನ್ನೆ ಗುರುವಾರ ಆ ಕೋಣೆಯಲ್ಲಿ ನೀನು ನನ್ನನ್ನು ನೋಡಿದೆ, ನಾನು ನಿನ್ನನ್ನು ನೋಡಿದೆ. ಇಬ್ಬರೂ ಹೊಸಬರ ಹಾಗೆ ಮಾತಾಡಿದೆವು. ಎಲ್ಲ ಮುಗಿದ ಮೇಲೆ ಡಾಕ್ಟರ್ ಹೆಸ್ತಿ ನಿನ್ನನ್ನು ಒಂದು ಪ್ರಶ್ನೆ ಕೇಳಿದರು: ಒಳಗೆ ಬಂದ ಹೆಂಗಸನ್ನು ನೀವಾಗಲಿ ಮಗುವಾಗಲಿ ಮೊದಲು ನೋಡಿದ್ದಿದೆಯೇ? ನೀನು ಒಂದು ಉತ್ತರ ಕೊಟ್ಟೆ. ನಾಳೆಯೋ ನಾಡಿದ್ದೋ ಅವರು ಅದೇ ಪ್ರಶ್ನೆಯನ್ನು ಫೋನಿನಲ್ಲಿ ಇನ್ನೊಮ್ಮೆ ಕೇಳುತ್ತಾರೆ. ನೀನು "ಹೌದು" ಎಂದರೆ ನಿನ್ನ ಮಗುವಿನ ಬಗ್ಗೆ ಬರೆದಿಟ್ಟ ಹಾಳೆ ಹರಿಯುತ್ತಾರೆ, ನನ್ನ ಕೆಲಸ ಹೋಗುತ್ತದೆ. "ಇಲ್ಲ" ಎಂದರೆ ಹಾಳೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ, ನಾನು ಅಪರಿಚಿತೆಯಾಗಿಯೇ ಉಳಿಯುತ್ತೇನೆ.

ಹೆದರಬೇಡ, ಇಂಥ ಉತ್ತರ ಕೊಡು ಎಂದು ಬೇಡಲು ಬರೆಯುತ್ತಿಲ್ಲ. ಉತ್ತರ ಕೊಡುವವರಿಗೆ ಕೇಳುವವರ ಆಸೆ ತಿಳಿಯಬಾರದು ಎಂಬುದು ಅವರ ಶಾಸ್ತ್ರದ ಮೊದಲ ಪಾಠ. ತಿಳಿದರೆ ಮನುಷ್ಯರು ಸತ್ಯ ಬಿಟ್ಟು ಆಸೆಯನ್ನೇ ಒಪ್ಪಿಸುತ್ತಾರಂತೆ. ಅದಕ್ಕೇ ಅವರು ನಿನಗೆ ಫೋನ್ ಮಾಡಿ ಮುಗಿಸುವವರೆಗೆ ಈ ಕಾಗದ ಅಂಚೆಡಬ್ಬಿಯ ಬಾಯಿ ಕಾಣುವುದಿಲ್ಲ. ನೋಡಿದೆಯಾ, ನಿನ್ನ ತಾಯಿಯೂ ಓದಿದವರ ಹಾಗೆ ಮಾತಾಡುತ್ತಾಳೆ!

ನಾಟಕದ ಕಂಪನಿ ಮುಚ್ಚಿದ ಮೇಲೆ ನಾನೆಲ್ಲಿದ್ದೇನೆ, ಏನು ಮಾಡಿಕೊಂಡಿದ್ದೇನೆ ಎಂಬುದು ನಿನಗೆ ಗೊತ್ತಿಲ್ಲ. ನಾಟಕಶಾಲೆಯ ಹಿಂದಿನ ಗಲ್ಲಿಯಲ್ಲಿ, ಅದೇ ಒಂದು ಕೋಣೆಯಲ್ಲಿದ್ದೇನೆ. ನನ್ನ ರಾಣಿ ಕಿರೀಟ ಗೋಡೆಯ ಮೇಲಿದೆ. ಅದರೊಳಗೆ ಹಲ್ಲಿ ಸಂಸಾರ ಹೂಡಿದೆ. ಸಂಜೆ ಗಲ್ಲಿಯ ಬಾಯಲ್ಲಿ ಕಾರ್ಯೊನ ತಳ್ಳುಗಾಡಿ ನಿಲ್ಲುತ್ತದೆ. ನಮ್ಮ ವಿದೂಷಕ ಕಾರ್ಯೊ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ರಂಗಕ್ಕೆ ನುಗ್ಗುತ್ತಿದ್ದನಲ್ಲ, ಅವನೇ. ಈಗ ಶುಂಠಿ ಚಹಾ, ಬಾಳೆಲೆಯಲ್ಲಿ ಕಟ್ಟಿದ ಹಿಡಿ ಅನ್ನ ಮಾರುತ್ತಾನೆ. ದಿನಕ್ಕೆ ನಾನು ಬಾಯಿಬಿಟ್ಟು ಮಾತಾಡುವುದು ಅವನೊಬ್ಬನ ಹತ್ತಿರ. ಮಿಕ್ಕ ಹೊತ್ತು ಹಲ್ಲಿಯೇ ನನ್ನ ಪ್ರೇಕ್ಷಕ. ಲೊಚಗುಟ್ಟುತ್ತದೆ, ಆದರೆ ಅದನ್ನು ಚಪ್ಪಾಳೆ ಎನ್ನಲಾಗದು.

ಹೋದ ವರ್ಷ ಅವನೇ ಒಂದು ಚೀಟಿ ತಂದು ಕೈಗಿಟ್ಟ. ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದ್ದು. ಐವತ್ತು ದಾಟಿದ ಹೆಂಗಸಾಗಿರಬೇಕು, ಕೂಸುಗಳ ಅಳುವಿಗೆ ಹೆದರಬಾರದು, ಹೇಳಿದಷ್ಟೇ ಮಾಡಬೇಕು. ಮೇಲೆ ದಪ್ಪ ಅಕ್ಷರದಲ್ಲಿ: ಅಪರಿಚಿತೆ ಬೇಕಾಗಿದ್ದಾಳೆ.

"ನೋಡು ಮಾರ್ಸಿ, ನಿಂಗೇ ಅಂತ ಬರೆಸಿದ ಪಾತ್ರ," ಅಂದ ಆ ಮುದಿ ಕೋತಿ. "ಈ ಊರಲ್ಲಿ ನಿನಗಿಂತ ಅಪರಿಚಿತರು ಇನ್ಯಾರಿದ್ದಾರೆ?"

"ಥೂ, ನಾಲಿಗೆ ಬಿದ್ದುಹೋಗ! ಮಜಾಪಹಿತಿನ ರಾಣಿ ಕಣೋ ನಾನು!"

"ಆಗಿದ್ದೆ. ಈಗ ಆ ರಾಜ್ಯ ಹಲ್ಲಿ ಆಳ್ತಾ ಇದೆ."

ಹೋದೆ. ಡಾಕ್ಟರ್ ಹೆಸ್ತಿ ನಿನಗಿಂತ ನಾಲ್ಕಾರು ವರ್ಷ ಹಿರಿಯಳಿರಬೇಕು. ಮಾತು ಕಡಿಮೆ, ಕಣ್ಣು ಹೆಚ್ಚು. ಅಲ್ಲಿಯ ಆಟ ನಿನಗೆ ಗೊತ್ತೇ ಇದೆ, ನೀನೇ ಆಡಿ ಬಂದವಳು. ಆದರೆ ಪಾತ್ರಧಾರಿಗೆ ಅದು ಹೇಗೆ ಕಾಣುತ್ತದೆ ಎಂದು ಹೇಳಲೇ? ಒಂದು ಕೋಣೆ, ಚಾಪೆ, ಎರಡು ಕುರ್ಚಿ, ಆಟದ ಸಾಮಾನು. ಒಂದು ಗೋಡೆ ಪೂರ್ತಿ ಕನ್ನಡಿ. ಒಳಗಿನವರಿಗೆ ಅದು ಕನ್ನಡಿ, ಆಚೆ ಕತ್ತಲಲ್ಲಿ ಕೂತವರಿಗೆ ಕಿಟಕಿ. ಕನ್ನಡಿಯ ಹಿಂದೆ ಪ್ರೇಕ್ಷಕರನ್ನು ಬಚ್ಚಿಡುವ ನಾಟಕಶಾಲೆಯನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ. ವರ್ಷದ ಆಸುಪಾಸಿನ ಕೂಸು ತಾಯಿಯ ಜೊತೆ ಬಂದು ಆಡುತ್ತದೆ. ಅಪರಿಚಿತೆ ಪ್ರವೇಶಿಸುತ್ತಾಳೆ. ಮೊದಲು ಸುಮ್ಮನೆ ಕೂರುತ್ತಾಳೆ, ಆಮೇಲೆ ತಾಯಿಯ ಹತ್ತಿರ ನಾಲ್ಕು ಮಾತು, ಆಮೇಲೆ ಮೆಲ್ಲಗೆ ಕೂಸಿನ ಪಕ್ಕಕ್ಕೆ. ಪ್ರತಿ ಹೆಜ್ಜೆಗೂ ಕನ್ನಡಿಯ ಹಿಂದಿನಿಂದ ಟಕ್ ಎಂದು ಸದ್ದು, ಅದೇ ಸೂಚನೆ. ತಾಯಿ ಎದ್ದು ಹೋಗುತ್ತಾಳೆ. ಕೂಸು ಏನು ಮಾಡುತ್ತದೆ? ತಾಯಿ ಮರಳಿ ಬಂದಾಗ ಏನು ಮಾಡುತ್ತದೆ? ಮುಗಿಯಿತು ಕಥೆ. ರಾಜನಿಲ್ಲ, ಯುದ್ಧವಿಲ್ಲ, ವಿಷದ ಬಟ್ಟಲಿಲ್ಲ. ಆದರೂ ಅಷ್ಟು ದೊಡ್ಡ ನಾಟಕದಲ್ಲಿ ನಾನು ಎಂದೂ ನಿಂತಿರಲಿಲ್ಲ ಮಗಳೇ.

ಮೊದಲ ದಿನವೇ ಹಾಳು ಮಾಡಿದೆ. ಟಕ್ ಎಂದಿತು. ಆ ಸದ್ದಿಗೆ ನನ್ನ ಕಾಲು ಸುಮ್ಮನಿರುವುದುಂಟೇ? ನಮ್ಮ ಕೆತೊಪ್ರಾಕ್ ನಾಟಕದಲ್ಲಿ ಮರದ ತುಂಡು ಟಕ್ ಎಂದರೆ ರಾಣಿ ಬರಬೇಕು, ಇಲ್ಲವೇ ಯುದ್ಧ ಹತ್ತಬೇಕು! ಕದ ತಳ್ಳಿ, ಸೊಂಟ ತಿರುಗಿಸಿ, ಕೈ ಚಾಚಿ, ಹಿಂದಿನ ಸಾಲಿಗೂ ಮುಟ್ಟುವ ದನಿಯಲ್ಲಿ "ಯಾರಪ್ಪಾ ಈ ಪುಟ್ಟ ಯುವರಾಜ!" ಎಂದುಬಿಟ್ಟೆ. ಕೂಸು ಕೇಕೆ ಹಾಕಿ ನನ್ನ ತೊಡೆ ಏರಿತು. ತಾಯಿ ಹೋದದ್ದು ಅದಕ್ಕೆ ತಿಳಿಯಲೇ ಇಲ್ಲ. ನಾನು ಕನ್ನಡಿಯ ಕಡೆ ತಿರುಗಿ ಬಾಗಿ ನಿಂತೆ.

ಹೆಸ್ತಿ ಹೊರಗೆ ಕರೆದು, ಅಮ್ಮಾ ಎನ್ನುವ ಮರ್ಯಾದೆಯಲ್ಲೇ ಹೇಳಿದರು: "ಇಬು ಮಾರ್ಸಿ, ಆ ಮಗು ಇವತ್ತು ಅಪರಿಚಿತೇನ ನೋಡ್ಲಿಲ್ಲ. ನಾಟಕ ನೋಡ್ತು. ಎಲ್ಲಾ ಮಕ್ಕಳಿಗೂ ಒಂದೇ ನಗು, ಒಂದೇ ಮಾತು, ಒಂದೇ ದೂರ. ನೀವು ದಿನಕ್ಕೊಂದು ಥರ ಇದ್ರೆ, ಬದಲಾಗಿದ್ದು ಮಗುವೋ ನೀವೋ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ನಮ್ಮಲ್ಲಿ ಬರೆದ ಮಾತಿನ ರೂಢಿಯೇ ಇಲ್ಲ, ನಿನಗೆ ಗೊತ್ತು. ಕಥೆಯ ಎಲುಬು ಮಾತ್ರ ಹೇಳಿ ರಂಗಕ್ಕೆ ತಳ್ಳುತ್ತಿದ್ದರು, ಮಾಂಸ ನಾವೇ ತುಂಬಬೇಕು. ಒಂದೇ ರಾಣಿ ಒಂದು ದಿನ ಅಳುತ್ತ ಸಾಯುತ್ತಿದ್ದಳು, ಮರುದಿನ ಬೈಯುತ್ತ ಸಾಯುತ್ತಿದ್ದಳು. ಎದುರಿಗೆ ಕೂತವರ ಮುಖ ನೋಡಿ ಮಾತು ಹೊಲಿಯುವವಳು ನಾನು. ಅಂಥವಳಿಗೆ ಆ ಹೆಂಗಸು ನಟಿಸದೆ ಇರುವುದನ್ನು ಕಲಿಸಿದಳು. ಬಡಿಸಿ ಎಲೆಯ ಮುಂದೆ ಕೂರಿಸಿ ಉಣ್ಣಬೇಡ ಎಂದ ಹಾಗೆ! ಇಡೀ ಒಂದು ಮಳೆಗಾಲ ಹಿಡಿಯಿತು. ಆದರೂ ಕಲಿತೆ. ಬರುತ್ತೇನೆ, ಕೂರುತ್ತೇನೆ, ಯಾರೂ ಅಲ್ಲದವಳಾಗಿರುತ್ತೇನೆ, ಹೋಗುತ್ತೇನೆ. ಕಾರ್ಯೊ ಕೇಳಿದ: "ಕಷ್ಟಾನಾ?" ಕೋಣೆಯಲ್ಲಿ ದಿನವೂ ತಾಲೀಮು ಮಾಡುತ್ತಿದ್ದೇನಲ್ಲ, ಕಷ್ಟವೆಲ್ಲಿಂದ ಬಂತು ಎಂದೆ. ಆ ದಿನ ಅವನು ತಮಾಷೆ ಮಾಡಲಿಲ್ಲ. ಇನ್ನೊಂದು ಲೋಟ ಚಹಾ ಬಗ್ಗಿಸಿದ.

ಅವರ ಪದ್ಧತಿ ಚೆಂದ ಪಾಲುಪಿ. ಚಿತ್ರ ತೆಗೆದದ್ದನ್ನು ಇಬ್ಬರು ಬೇರೆ ಬೇರೆ ಕೂತು ನೋಡಿ ಬರೆಯುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಇಣುಕುವ ಹಾಗಿಲ್ಲ. ನಮ್ಮ ನಾಟಕದ ವಿಮರ್ಶಕರನ್ನೂ ಹಾಗೆ ಕೂರಿಸಿದ್ದರೆ ನಾನು ಎಲ್ಲಿರುತ್ತಿದ್ದೆನೋ! ಒಮ್ಮೆ ನಾನೇ ಜಂಬದಿಂದ ಹೆಸ್ತಿಗೆ ಹೇಳಿದೆ, ನಮ್ಮ ಹಿರಿಯರೂ ಪ್ರಯೋಗ ಮಾಡುತ್ತಿದ್ದರು ಎಂದು. ಮಗುವಿನ ಪಾದ ಮೊದಲ ಸಲ ನೆಲಕ್ಕೆ ತಾಗಿಸುವ ದಿನ ಅದನ್ನು ಕೋಳಿಪಂಜರದಲ್ಲಿ ಕೂರಿಸಿ, ಸುತ್ತ ಪುಸ್ತಕ, ಬಳೆ, ಭತ್ತ ಇಟ್ಟು, ಯಾವುದಕ್ಕೆ ಕೈ ಹಾಕುತ್ತದೆ ಎಂದು ನೋಡುವುದಿಲ್ಲವೇ? ಹೆಸ್ತಿ ನಕ್ಕಳು. "ಚೆನ್ನಾಗಿದೆ ಇಬು. ಆದ್ರೆ ಅಜ್ಜಿಯರೆಲ್ಲ ಪುಸ್ತಕಾನೇ ಮಗು ಹತ್ರ ತಳ್ತಾ ಇರ್ತಾರಲ್ಲ, ಅದಕ್ಕೇನ್ಮಾಡೋಣ?"

ನಾನೂ ನಕ್ಕೆ. ನಿನ್ನ ಮಗುವಿನ ಶಾಸ್ತ್ರ ಅದಾಗಲೇ ಮುಗಿದಿತ್ತು. ಯಾರದೋ ಕೈಯಿಂದ ಕಾರ್ಯೊನ ಗಾಡಿಗೆ ಆ ಶಾಸ್ತ್ರಕ್ಕೆಂದೇ ಮಾಡುವ ಏಳು ಬಣ್ಣದ ಅಕ್ಕಿ ಕಡುಬು ಬಂದಿತ್ತು, ಅವನು ನನಗೆ ಅರ್ಧ ಕೊಟ್ಟ. "ಯಾರ ಮನೇದು?" ಎಂದೆ. "ತಿನ್ನು, ಕೇಳ್ಬೇಡ," ಎಂದ. ಹಾಗೆ ಗೊತ್ತಾಯಿತು. ಪುಸ್ತಕ ತಳ್ಳಲು ಅಲ್ಲಿ ಈ ಕಡೆಯ ಅಜ್ಜಿ ಇರಲಿಲ್ಲ. ಏನು ಹಿಡಿದಳು ಅವಳು? ಇವತ್ತಿಗೂ ತಿಳಿಯದು.

ನಮ್ಮ ಜಗಳದ ಸೀನು ನಿನಗೆ ಬಾಯಿಪಾಠವಿರಬೇಕು, ನನಗೂ ಇದೆ. ನಿನ್ನ ಏಳನೇ ತಿಂಗಳ ಶಾಸ್ತ್ರ. ಹೂವಿನ ನೀರು ಹೊಯ್ಯುತ್ತಿದ್ದರು. ನಾನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಇವಳು ಕೂಸಾಗಿದ್ದಾಗ ನನಗೋಸ್ಕರ ಒಂದು ದಿನ ಅತ್ತವಳಲ್ಲ! ರಾಕ್ಷಸನ ತೊಡೇಲೂ ನಿದ್ದೆ, ವಿದೂಷಕನ ತೊಡೇಲೂ ನಿದ್ದೆ. ಎತ್ತಿಕೊಂಡೋರೇ ತಾಯಿ!" ಎಂದೆ. ಇಡೀ ಅಂಗಳ ನಕ್ಕಿತು. ನಿನ್ನ ಅತ್ತೆಯೂ ಮುಸುಕಿನ ತುದಿ ಕಚ್ಚಿ ನಕ್ಕರು. ನೀನು ಒದ್ದೆ ಮೈಯಲ್ಲೇ ಎದ್ದು ನಿಂತೆ.

"ಹೌದಮ್ಮ. ಯಾರು ಬೇಕಾದ್ರೂ ಆಗ್ತಿದ್ರು. ಬಣ್ಣ ತೊಳೆದ ಮೇಲೆ ನಿನ್ನ ಮುಖ ಯಾವುದು ಅಂತ ನಂಗೆ ಗೊತ್ತೇ ಇರ್ಲಿಲ್ಲ. ನನ್ನ ಮಗೂಗೆ ಹಾಗಾಗೋದು ಬೇಡ. ನೀನು ಬರ್ಬೇಡ."

ಬರಬೇಡ ಎಂದೆ ನೀನು, ಬರಲಿಲ್ಲ ನಾನು. ರಾಣಿಗೂ ರೋಷವಿರುತ್ತದೆ. ಹಾಸ್ಯ ಚೆನ್ನಾಗಿಯೇ ಇತ್ತು ಎಂದು ಇಂದಿಗೂ ವಾದಿಸುತ್ತೇನೆ, ಕಾರ್ಯೊನನ್ನು ಕೇಳು. ನಾನೇ ಬಂದು ಕದ ತಟ್ಟಲಿ ಎಂದು ನೀನು, ನೀನೇ ಕರೆಯಲಿ ಎಂದು ನಾನು. ನಡುವೆ ಒಂದು ಮಗು ಹುಟ್ಟಿತು, ಹಲ್ಲು ಬಂತು, ಅಂಬೆಗಾಲಿಟ್ಟಿತು.

ಈಗ ಗುರುವಾರಕ್ಕೆ ಬರೋಣ. ಬರುವ ತಾಯಿಯರ ಹೆಸರನ್ನು ನನಗೆ ಹೇಳುವುದಿಲ್ಲ, ಅದು ನಿಯಮ. ಪರಿಚಯದವರು ಬಂದರೆ ಒಳಗೆ ಹೋಗುವ ಮೊದಲೇ ನಾನು ಹೇಳಿಬಿಡಬೇಕು, ಅದೂ ನಿಯಮ. ಕನ್ನಡಿಯ ಹಿಂದೆ ನನ್ನ ಸರದಿಗೆ ಕಾಯುತ್ತಿದ್ದೆ. ಆಚೆ ಕೋಣೆಯ ಕದ ತೆರೆಯಿತು. ನೀಲಿ ಮುಸುಕು, ಎಡ ಸೊಂಟದಲ್ಲಿ ಮಗು. ಭಾರ ಹೊತ್ತಾಗ ಬಲ ಭುಜ ಒಂದು ಚೂರು ಮೇಲೇಳುವ ಆ ನಡಿಗೆ. ಮಗಳೇ, ವಿಧಿಯೆಂಬ ಮಹಾಕವಿ ಬರೆದ ಪ್ರವೇಶ ಅದು! ಇಷ್ಟು ದೊಡ್ಡ ಊರಿನಲ್ಲಿ, ಇಷ್ಟು ಮಕ್ಕಳ ನಡುವೆ!

"ಹೆಸ್ತಿಯವರೇ, ಇವಳು ನನ್ನ ಮಗಳು" ಎನ್ನಬೇಕಿತ್ತು. ಎಂದಿದ್ದರೆ ನನ್ನನ್ನು ಹಿಂಬಾಗಿಲಿಂದ ಕಳಿಸಿ ಬೇರೆ ಯಾರನ್ನೋ ಒಳಗೆ ಬಿಡುತ್ತಿದ್ದರು. ಹಿಂದಿನ ಸಾಲಿಗೆ ಮುಟ್ಟುವ ನನ್ನ ದನಿ ಅವತ್ತು ಹಲ್ಲಿನ ಸಾಲನ್ನೂ ದಾಟಲಿಲ್ಲ. ಟಕ್ ಎಂದಿತು. ಒಳಗೆ ಬಂದೆ.

ನೀನು ಕತ್ತೆತ್ತಿ ನೋಡಿದೆ. ಬಣ್ಣವಿಲ್ಲದ ಮುಖ ನನ್ನದು, ಅದನ್ನು ನೀನು ಗುರುತಿಸಿದೆ. ನಿನ್ನ ಕೈ ಮಗುವಿನ ತಲೆಯ ಮೇಲೆ ಗಟ್ಟಿಯಾದದ್ದನ್ನು ನಾನು ಕಂಡೆ. "ನಿಲ್ಸಿ" ಎನ್ನುವ ಹಕ್ಕು ಯಾವ ತಾಯಿಗೂ ಯಾವ ಗಳಿಗೆಯಲ್ಲೂ ಇದೆ. ಬಾಗಿಲಲ್ಲೇ ಹೇಳಿ ಕಳಿಸಿರುತ್ತಾರೆ. ನೀನು ಹೇಳಲಿಲ್ಲ. ನಾನು ಕುರ್ಚಿಯಲ್ಲಿ ಕೂತೆ. ಸುಮ್ಮನಿರಬೇಕಾದ ಹೊತ್ತು ಅದು. ಅಷ್ಟು ಉದ್ದದ ಮೌನವನ್ನು ನಾನು ರಂಗದ ಮೇಲೆ ಎಂದೂ ಹಿಡಿದಿರಲಿಲ್ಲ.

ಆಮೇಲೆ ಪಾಠದ ಮಾತು. "ಮಗು ಹೆಸರೇನು?"

"ಲಾರಸ್," ಅಂದೆ ನೀನು.

ಲಾರಸ್! ನಮ್ಮ ಗಾಮೆಲಾನ್ ವಾದ್ಯಮೇಳದ ಶ್ರುತಿಯ ಹೆಸರು! ಗೋಂಗಿನ ಸದ್ದು ನನ್ನ ಮಗುವಿನ ಕಿವಿಗೆ ಬೀಳಬಾರದು ಎಂದವಳು ಮಗುವನ್ನು ದಿನಕ್ಕೆ ನೂರು ಸಲ ಅದೇ ಹೆಸರಿನಿಂದ ಕರೆಯುತ್ತೀಯ. ನನಗೆ ಎದ್ದು ಕುಣಿಯಬೇಕೆನ್ನಿಸಿತು. ಎಲ್ಲರಿಗೂ ತೋರಿಸುವಷ್ಟೇ ನಗು ತೋರಿಸಿದೆ.

"ಊಟ ಚೆನ್ನಾಗಿ ಮಾಡ್ತಾಳಾ?"

"ಬಾಳೆಹಣ್ಣು ಅಂದ್ರೆ ಪ್ರಾಣ. ಮೀನು ಉಗೀತಾಳೆ."

ನೀನೂ ಉಗಿಯುತ್ತಿದ್ದೆ, ನನ್ನ ಜರಿ ಬಟ್ಟೆಯ ಮೇಲೆ. ಆ ಮಾತು ಪಾಠದಲ್ಲಿರಲಿಲ್ಲ. ನುಂಗಿದೆ. ಆಗ ನೀನು ಪಾಠದಲ್ಲಿಲ್ಲದ್ದನ್ನು ಕೇಳಿದೆ, ಎಂದೂ ಕಂಡಿಲ್ಲದವರನ್ನು ಕೇಳುವ ಮರ್ಯಾದೆಯಲ್ಲಿ:

"ನಿಮಗೆ ಮಕ್ಕಳಿದ್ದಾರಾ?"

"ಒಬ್ಬಳು ಮಗಳು."

"ಎಲ್ಲಿರೋದು?"

"ಇದೇ ಊರಲ್ಲಿ."

"ಬಂದು ಹೋಗಿ ಮಾಡ್ತಾಳಾ?"

ಟಕ್! ನಾನು ಮಗುವಿನ ಹತ್ತಿರ ಸರಿಯಬೇಕೆಂಬ ಸದ್ದು. ಆ ಸದ್ದೇ ನನಗೆ ಅನ್ನ ಹಾಕಿ ಸಾಕಿದ್ದು. ಅದನ್ನು ಶಪಿಸಿದ್ದು ಅದೊಂದೇ ಸಲ.

ಆಮೇಲಿನದನ್ನು ನೀನು ಕನ್ನಡಿಯ ಹಿಂದೆ ನಿಂತು ನೋಡಿದೆ. ಹೊರಗೆ ಹೋದ ತಾಯಿಯರನ್ನು ಅಲ್ಲೇ ನಿಲ್ಲಿಸುತ್ತಾರೆ. ನೀನು ಹುಟ್ಟಿದಾಗಿನಿಂದ ನನ್ನ ದೃಶ್ಯಗಳೆಲ್ಲ ನೀನು ವೇಷದ ಪೆಟ್ಟಿಗೆಯಲ್ಲಿ ನಿದ್ದೆ ಹೋದ ಮೇಲೆಯೇ ನಡೆದವು. ನಾನು ರಂಗದ ಮೇಲಿದ್ದಾಗ ನೀನು ಎಚ್ಚರವಾಗಿ, ಕಣ್ಣು ಕೀಳದೆ ನೋಡಿದ್ದು ಇದೇ ಮೊದಲಿರಬೇಕು. ಹೇಗಿತ್ತು ನನ್ನ ಪಾತ್ರ?

ಲಾರಸ್ ಕದದ ಕಡೆ ನೋಡಿದಳು. ತುಟಿ ಬಾಗಿತು. ಅಳು ಹೊರಟಿತು, ಎಂಥ ಅಳು! ಹಿಂದಿನ ಸಾಲಿಗೆ ಮುಟ್ಟುವ ಅಳು. ಆ ಗಂಟಲು ಯಾರ ಕಡೆಯದು ಎಂದು ನಾನು ಹೇಳುವುದಿಲ್ಲ. ಮರದ ತಮಟೆ ಕೊಟ್ಟೆ, ತಳ್ಳಿದಳು. ಕೈ ಚಾಚಿದೆ, ನನ್ನ ಕೈಯ ಕೆಳಗಿನಿಂದ ನುಸುಳಿ ಕದದ ಹತ್ತಿರ ತೆವಳಿದಳು. ಹಾಡುವಂತಿಲ್ಲ, ನಿಯಮ. ಬಣ್ಣ ತೊಳೆಯುವಾಗ ನಾನು ಗುನುಗುತ್ತಿದ್ದ ರಾಗವೊಂದಿತ್ತಲ್ಲ, ಅದು ತುಟಿಯವರೆಗೆ ಬಂತು, ಅಲ್ಲೇ ತಡೆದೆ. "ಅಮ್ಮ ಬರ್ತಾರೆ, ಈಗ ಬರ್ತಾರೆ" ಎಂದೆ. ಎಲ್ಲ ಮಕ್ಕಳಿಗೂ ಹೇಳುವ ಮಾತು ಅದು.

ನೀನು ಬಂದೆ. ಅವಳು ನಿನ್ನ ಕೊರಳಿಗೆ ಬಿದ್ದು, ಮುಖ ಒತ್ತಿ, ಎರಡು ಬಿಕ್ಕಿಗೆ ಸುಮ್ಮನಾಗಿ, ಬಗ್ಗಿ ಅದೇ ತಮಟೆಯನ್ನು ಎತ್ತಿಕೊಂಡಳು. ನಾನು ಹೊರಟೆ. ಅಪರಿಚಿತೆಯ ನಿರ್ಗಮನಕ್ಕೆ ಚಪ್ಪಾಳೆಯಿಲ್ಲ.

ಇನ್ನೊಂದು ಸಣ್ಣದಿದೆ. ಎರಡನೇ ಸಲ ಅವಳನ್ನು ಒಬ್ಬಳನ್ನೇ ಬಿಟ್ಟು ನೀನು ಹೋದೆಯಲ್ಲ, ಆಗ ಕದ ತೆರೆದು ಒಳಗೆ ಬಂದವಳು ನಾನು. ಕದ ಅಲುಗಿದ್ದೇ ತಡ, ಅಳು ನಿಂತಿತು. ನೀರು ತುಂಬಿದ ಕಣ್ಣು ಅರಳಿತು. ಒಂದು ಉಸಿರು. ನೀನಲ್ಲ ಎಂದು ತಿಳಿಯಿತು, ಮತ್ತೆ ಅತ್ತಳು. ಆ ಒಂದು ಉಸಿರಿ​ನಷ್ಟು ಹೊತ್ತು ಅವಳು ಎದುರು ನೋಡುತ್ತಿದ್ದವಳು ನಾನೇ ಆಗಿದ್ದೆ. ಅದನ್ನು ಇಟ್ಟುಕೊಂಡಿದ್ದೇನೆ.

ಶುಕ್ರವಾರ ಬೆಳಿಗ್ಗೆ ಹೆಸ್ತಿಯ ಮುಂದೆ ನಿಂತು, ನಿನ್ನೆ ಬಂದವಳು ನನ್ನ ಮಗಳು, ಆ ಹಾಳೆ ಕೆಟ್ಟಿದೆ ಎಂದೆ. ಆಕೆ ಕನ್ನಡಕ ತೆಗೆದಳು.

"ಇಬು, ನಾನು ಆಕೇನ ಕೇಳಿದೀನಿ. ಈ ಹೆಂಗಸನ್ನ ಮೊದಲು ನೋಡಿಲ್ಲ ಅಂದ್ರು."

"ಇಲ್ಲ ಅಂದಳಾ?"

"ಇಲ್ಲ ಅಂತಾನೇ ಅಂದ್ರು. ನೋಡಿ, ತಪ್ಪು ತಿಳೀಬೇಡಿ. ಮಳೆಗಾಲದಲ್ಲೂ ಒಂದು ಮಗೂನ ನೋಡಿ, ಇದು ನನ್ನ ಮೊಮ್ಮಗೂನೇ ಅಂತ ಬಂದು ಅತ್ತಿದ್ರಿ. ಆ ತಾಯಿ ಸುಮಾತ್ರಾ ಕಡೆಯೋರು."

ಅತ್ತಿದ್ದು ನಿಜ. ಕಿವಿ ನಿನ್ನ ಕಿವಿಯ ಹಾಗೇ ಇತ್ತು.

"ಇಬ್ಬರು ಎರಡು ಥರ ಹೇಳ್ತಿದೀರ," ಅಂದಳು. "ನಾನು ಆಕೇನ ಇನ್ನೊಂದ್ಸಲ ಕೇಳ್ತೀನಿ. ಅವರು ಏನಂತಾರೋ ಅದು. ಹೌದು ಅಂದ್ರೆ, ಕ್ಷಮಿಸಿ, ಗೊತ್ತಿದ್ದೂ ಒಳಗೆ ಹೋದೋರನ್ನ ನಾನು ಇಟ್ಕೊಳ್ಳೋಕಾಗಲ್ಲ."

ಹೊರಡುವಾಗ ನಾನು ಒಂದು ಕೇಳಿದೆ. ತಾಯಿ ಹೋದರೂ ಅಳದೆ, ಬಂದರೂ ಕತ್ತೆತ್ತದೆ ಆಡಿಕೊಂಡೇ ಇರುವ ಮಕ್ಕಳು ಬರುತ್ತವಲ್ಲ, ಅವು ಗಟ್ಟಿ ಮಕ್ಕಳೇ? ಹೆಸ್ತಿ ಮತ್ತೆ ಕನ್ನಡಕ ಹಾಕಿಕೊಂಡು ಹೇಳಿದಳು. ಅಂಥ ಮಕ್ಕಳ ಎದೆಗೆ ಯಂತ್ರ ಹಚ್ಚಿ ನೋಡಿದವರಿದ್ದಾರಂತೆ. ಮುಖದಲ್ಲಿ ಏನೂ ಇಲ್ಲ, ಕೈ ಆಟದ ಸಾಮಾನಿನ ಮೇಲೆ. ಎದೆ ಮಾತ್ರ ಅಳುವ ಮಕ್ಕಳ ಎದೆಯಷ್ಟೇ ಜೋರಾಗಿ ಹೊಡೆದುಕೊಳ್ಳುತ್ತಿತ್ತಂತೆ.

ನನ್ನ ಮುಖ ನೋಡಿ ಆಕೆ ಗಾಬರಿಯಾದಳು. "ಇದನ್ನ ಮನೆಗೆ ತಗೊಂಡು ಹೋಗಿ ನಿಮ್ಮ ಮಗಳನ್ನ ಅಳೀಬೇಡಿ. ಹತ್ತಾರು ತೊಡೆ ಮೇಲೆ ಬೆಳೆದು ಚೆನ್ನಾಗಿರೋ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದಾರೆ. ಒಂದು ಕೋಣೇಲಿ ಒಂದು ಗಳಿಗೆ ನೋಡಿದ್ದು ಇಡೀ ಜೀವನ ಅಲ್ಲ."

ಅಳೆಯುವುದಿಲ್ಲ. ನನಗೆ ಗೊತ್ತಿಲ್ಲ, ಅದಕ್ಕೇ ಕೇಳುತ್ತೇನೆ. ಆ ಪೆಟ್ಟಿಗೆಯಲ್ಲಿ, ಜರಿ ಬಟ್ಟೆಗಳ ನಡುವೆ, ನಾನು ಬಂದು ಬಗ್ಗಿ ನೋಡಿದಾಗ ನೀನು ಗೊಂಬೆಯ ಮೇಲಿನ ಕಣ್ಣು ಕೀಳುತ್ತಿರಲಿಲ್ಲ. "ನನ್ನ ಮಗಳು ಧೀರೆ!" ಎಂದು ನಾನು ಇಡೀ ಕಂಪನಿಗೆ ಸಾರುತ್ತಿದ್ದೆ. ಎದೆಯ ಮೇಲೆ ಕೈಯಿಟ್ಟು ನೋಡಲಿಲ್ಲ. ಹೊಡೆದುಕೊಳ್ಳುತ್ತಿತ್ತೇ, ಪುಟ್ಟಿ?

ನಿನ್ನ ಮಗಳು ಅತ್ತಳು. ನನ್ನನ್ನು ತಳ್ಳಿದಳು, ನಿನ್ನನ್ನೇ ಬೇಕೆಂದಳು. ಬೇರೆ ಯಾರ ತೊಡೆಯೂ ಆಗುವುದಿಲ್ಲ ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಹೇಳಿದಳು. ನೀನು ಬಯಸಿದ್ದು ಇದೇ ತಾನೆ? ಗೆದ್ದೆ. ಕನ್ನಡಿಯ ಈಚೆ ಕೂತು ಅದನ್ನು ಕಂಡ ಸಾಕ್ಷಿ ನಾನೊಬ್ಬಳೇ, ಮತ್ತು ಸೋತ ಪಾತ್ರವೂ ನಾನೇ. ಎರಡೂ ಒಟ್ಟಿಗೆ ಆಡಬಹುದೆಂದು ನನಗೆ ಗೊತ್ತಿರಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಬಾಕಿ ಇದೆ. ಮಗಳು ಬಂದು ಹೋಗಿ ಮಾಡುತ್ತಾಳಾ ಎಂದೆ. ಒಂದು ಸಲ ಬಂದಿದ್ದಳು. ಹೋದಳು.

ಹೊರಗೆ ಕಾರ್ಯೊನ ಗಾಡಿಯ ಗಂಟೆ ಕೇಳುತ್ತಿದೆ. ದೀಪ ಇಳಿಸುತ್ತೇನೆ.

ಯಾವ ಬಣ್ಣವೂ ಇಲ್ಲದೆ,
ನಿನ್ನ ತಾಯಿ
ಮಾರ್ಸಿಯೆಮ್

ಮರೆತ ಮಾತು, ಬುಧವಾರ:

ಕಾಗದ ಇನ್ನೂ ನನ್ನ ದಿಂಬಿನ ಕೆಳಗೇ ಇದೆ. ಹೇಳಿದ ಹಾಗೆ ನಡೆದುಕೊಂಡಿದ್ದೇನೆ. ಇವತ್ತು ಬೆಳಿಗ್ಗೆ ಹೆಸ್ತಿ ಕರೆದಿದ್ದಳು.

ನನ್ನ ಕೆಲಸ ಹೋಯಿತು ಪಾಲುಪಿ! ಹೋಯಿತು! ಅಪರಿಚಿತೆಯ ಪಾತ್ರಕ್ಕೆ ಬೇರೆ ಹೆಂಗಸನ್ನು ಹುಡುಕುತ್ತಿದ್ದಾರೆ. ಲಾರಸ್‌ಳ ಹಾಳೆಯನ್ನು ನನ್ನ ಎದುರಿಗೇ ಹರಿದರು. ದಾರಿಯುದ್ದಕ್ಕೂ ಆ ಹರಿದ ಸದ್ದನ್ನು ಕಿವಿಯಲ್ಲಿಟ್ಟುಕೊಂಡು ಬಂದೆ. ಕಾರ್ಯೊ, "ಕೆಲಸ ಕಳ್ಕೊಂಡು ನಗೋ ಮುದುಕಿ ಇವಳೊಬ್ಬಳೇ," ಎಂದು ಗಿರಾಕಿಗಳಿಗೆಲ್ಲ ತೋರಿಸಿದ.

"ನನ್ನ ತಾಯಿ" ಅಂದಳಾ ಎಂದು ಹೆಸ್ತಿಯನ್ನು ಕೇಳಿದೆ. ಇಲ್ಲವಂತೆ. "ಅವರು ಲಾರಸ್‌ಳ ಅಜ್ಜಿ" ಅಂದೆಯಂತೆ. ಅಷ್ಟು ಹೇಳಿ ಫೋನ್ ಇಟ್ಟೆಯಂತೆ. ಸಾಕು. ಸಿಕ್ಕಿದ ಪಾತ್ರವನ್ನು ಆಡುತ್ತೇನೆ, ಕೇಳಿ ಪಡೆಯುವುದಿಲ್ಲ.

ಇನ್ನು ಕೆಲಸ ಹೋದ ಮೇಲೆ ಮುಚ್ಚಿಡುವುದೇನು? ಮೇಲೆ ವಿಧಿ, ಮಹಾಕವಿ ಎಂದೆಲ್ಲ ಬರೆದಿದ್ದೇನೆ. ಹೊಡೆದು ಹಾಕು. ನಿಮ್ಮ ಬೀದಿಯ ಮಕ್ಕಳ ತೂಕದ ಕೇಂದ್ರದ ಗೋಡೆಯ ಮೇಲೆ, ತಮಟೆ ಹಿಡಿದ ಕೂಸಿನ ಚಿತ್ರ ಹಾಕಿ, ನಿಮ್ಮ ಮಗುವನ್ನು ಕರೆತನ್ನಿ ಎಂದು ಬರೆದ ಭಿತ್ತಿಪತ್ರ ಇದೆಯಲ್ಲ, ಅದನ್ನು ಹಚ್ಚಿದವಳು ನಾನು. ಬೇರೆ ಬೀದಿಗಳಿಗೆ ಹೆಸ್ತಿ ಜನ ಕಳಿಸಿದಳು. ಆ ಬೀದಿ ನನಗೆ ಬೇಕೆಂದು ಕೇಳಿ ತೆಗೆದುಕೊಂಡೆ. ಮಳೆಗೆ ಕಿತ್ತು ಬಂದಾಗಲೆಲ್ಲ ಹೊಸದು ಹಚ್ಚಿದೆ. ಕನ್ನಡಿಯ ಹಿಂದೆ ನಿಂತು ಒಂದು ವರ್ಷ ನಾನು ನೋಡಿದ್ದು ಮಕ್ಕಳನ್ನಲ್ಲ, ಸೊಂಟದ ಮೇಲೆ ಮಗುವನ್ನು ಹೊತ್ತು ಬರುವ ತಾಯಿಯರನ್ನು.

ಈಗ ಅದನ್ನು ಕಿತ್ತು ತೆಗೆಯಬೇಕು. ಅಪರಿಚಿತೆ ಹಚ್ಚಿದ್ದನ್ನು ಅಜ್ಜಿ ಬಿಡುವ ಹಾಗಿಲ್ಲ. ಮುಂದಿನ ಬುಧವಾರ ತೂಕದ ದಿನ ಅಲ್ಲವೇ? ಬೆಳಿಗ್ಗೆ ಬಂದಿರುತ್ತೇನೆ. ಗಂಜಿ ಹಾಕಿ ಹಚ್ಚಿದ್ದು, ಗಟ್ಟಿಯಾಗಿ ಹಿಡಿದುಕೊಂಡಿದೆ; ಕೆರೆದು ತೆಗೆಯಲು ಬಹಳ ಹೊತ್ತು ಬೇಕಾಗುತ್ತದೆ.